ಕರಾವಳಿಯ ಹೊರಗೋಡೆಗೆ ಮೊಸಾಯಿಕ್ ಮಾಡುವುದು ಹೇಗೆ

ಕಾರವಾರ, ಅಂಕೋಲಾ, ಕುಮಟಾ ಕಡೆ ಮನೆ ಕಟ್ಟಿಸುವವರು ಗೇಟಿನ ಪಕ್ಕದ ಗೋಡೆಗೆ, ತುಳಸಿಕಟ್ಟೆಗೆ, ಬಾವಿಕಟ್ಟೆಗೆ ಮೊಸಾಯಿಕ್, ಅಂದರೆ ಟೈಲು ಅಥವಾ ಗಾಜಿನ ಚೂರು ಜೋಡಿಸಿ ಮಾಡುವ ಚಿತ್ರ, ಮಾಡಿಸಬಹುದಾ ಅಂತ ಕೇಳುತ್ತಾರೆ. ಶಾಲೆಯವರು ಕೇಳುತ್ತಾರೆ, ಹೋಂಸ್ಟೇಯವರು ಕೇಳುತ್ತಾರೆ, ಆಗೊಮ್ಮೆ ಈಗೊಮ್ಮೆ ಊರಿನ ಸರ್ಕಲ್ಲಿಗೋ ಪಾರ್ಕಿನ ಗೋಡೆಗೋ ಬೇಕು ಅಂತ ಸಾರ್ವಜನಿಕ ಕೆಲಸವೂ ಬರುತ್ತದೆ. ಖಂಡಿತ ಮಾಡಬಹುದು. ನಮ್ಮ ಮಳೆಗೆ ಪೇಂಟಿನ ಚಿತ್ರ ಬೇಗ ಮಂಕಾಗುತ್ತದೆ, ಸುಟ್ಟ ಟೈಲಿನ ಬಣ್ಣ ಮಾಸುವುದಿಲ್ಲ, ಯಾಕೆಂದರೆ ಅದು ಸಾವಿರ ಡಿಗ್ರಿ ದಾಟಿದ ಬೆಂಕಿಯಲ್ಲಿ ಕರಗಿ ಕೂತ ಗಾಜು. ಕರಾವಳಿಯಲ್ಲಿ ಮೊಸಾಯಿಕ್ ಕೆಟ್ಟರೆ ಅದು ಹಿಂದಿನಿಂದಲೇ ಕೆಡುತ್ತದೆ: ಗೋಡೆಯಿಂದ, ಗಾರೆಯಿಂದ, ಸಂದಿನಿಂದ. ಹಾಗಾಗಿ ನಿಮ್ಮ ಹಣ ಮತ್ತು ಸಮಯದ ದೊಡ್ಡ ಪಾಲು ಕಣ್ಣಿಗೆ ಕಾಣದ ಆ ಭಾಗಕ್ಕೇ ಹೋಗಲಿ. ನಾನಿಲ್ಲಿ ಬರೆಯುವುದು ಹೊರಗೋಡೆಯ ಬಗ್ಗೆ ಮಾತ್ರ.

ಮೊದಲು ಗೋಡೆ ನೋಡಿ

ನಮ್ಮ ಕಡೆ ಹಳೇ ಗೋಡೆ ಅಂದರೆ ಚಿರೆಕಲ್ಲು, ಕೆಂಪು ಜಂಬಿಟ್ಟಿಗೆ ಕಲ್ಲು. ಅದರ ಮೈತುಂಬಾ ತೂತು. ನೆಲದ ತೇವವನ್ನು ಮೇಲಕ್ಕೆ ಎಳೆಯುತ್ತದೆ, ಮಳೆಗಾಲದಲ್ಲಿ ಕುಡಿದ ನೀರನ್ನು ದೀಪಾವಳಿ ಕಳೆದರೂ ಪೂರ್ತಿ ಬಿಟ್ಟಿರುವುದಿಲ್ಲ. ಅದರ ಮೇಲೆ ಸಿಮೆಂಟ್ ಗಾರೆ ಮಾಡಿ ಟೈಲು ಹಚ್ಚಿದರೆ ಒಳಗಿನ ನೀರಿಗೆ ಹೊರಬರಲು ಇರುವ ದಾರಿ ಒಂದೇ, ಟೈಲುಗಳ ನಡುವಿನ ಸಂದು. ಬರುವಾಗ ಉಪ್ಪನ್ನೂ ಎಳೆದುಕೊಂಡು ಬರುತ್ತದೆ. ನೀರು ಆರುತ್ತದೆ, ಉಪ್ಪು ಉಳಿಯುತ್ತದೆ, ಉಪ್ಪು ಹರಳು ಕಟ್ಟುತ್ತದೆ, ಹರಳು ಬೆಳೆಯುತ್ತಾ ಸುತ್ತ ಇರುವುದನ್ನೆಲ್ಲ ತಳ್ಳುತ್ತದೆ. ಸಂದಿನಿಂದ ಬಿಳಿ ಬಿಳಿ ಇಳಿದಿರುವುದು, ಟೈಲಿನ ಮೇಲ್ಮೈ ಚಕ್ಕೆ ಎದ್ದು ಒಳಗಿನ ಕೆಂಪು ಮಣ್ಣು ಕಾಣುವುದು, ಇವೆಲ್ಲ ಅದರದೇ ಕೆಲಸ. ಚಳಿ ದೇಶಗಳಲ್ಲಿ ನೀರು ಮಂಜುಗಡ್ಡೆಯಾಗಿ ಟೈಲು ಸೀಳುತ್ತದೆ. ನಮಗೆ ಆ ಕಾಟ ಇಲ್ಲ, ಅದರ ಬದಲು ಉಪ್ಪಿನ ಕಾಟ ಇದೆ.

ತೇವ ಇದೆಯಾ ಅಂತ ತಿಳಿಯಲು ಎರಡಡಿ ಉದ್ದ ಅಗಲದ ಪ್ಲಾಸ್ಟಿಕ್ ಹಾಳೆಯನ್ನು ಗೋಡೆಗೆ ನಾಲ್ಕೂ ಕಡೆ ಟೇಪಿನಿಂದ ಬಿಗಿಯಾಗಿ ಅಂಟಿಸಿ ಒಂದು ದಿನ ಬಿಡಿ. ಹಾಳೆಯ ಒಳಮೈಯಲ್ಲಿ ಹನಿ ಕಟ್ಟಿದ್ದರೆ ಇನ್ನೂ ಕಾಯಬೇಕು. ಗೋಡೆಯ ಬುಡದಲ್ಲಿ ಒಂದು, ಎದೆಯೆತ್ತರದಲ್ಲಿ ಒಂದು ಹಚ್ಚಿ ನೋಡಿ. ಬುಡದಲ್ಲಿ ಮಾತ್ರ ಹನಿ ಕಟ್ಟಿದರೆ ಅದು ನೆಲದಿಂದ ಏರುವ ತೇವ, ಎಷ್ಟು ಕಾದರೂ ಹೋಗುವಂಥದ್ದಲ್ಲ. ಅಂಥ ಕಡೆ ಚಿತ್ರವನ್ನು ನೆಲದಿಂದ ಒಂದೂವರೆ ಅಡಿ ಮೇಲೆ ಶುರು ಮಾಡಿ, ಕೆಳಗಿನ ಪಟ್ಟಿಯನ್ನು ಬರೀ ಕಲ್ಲಾಗಿಯೋ ಸುಣ್ಣದ ಗಾರೆಯಾಗಿಯೋ ಬಿಡಿ. ಗೋಡೆ ಅಲ್ಲಿಂದ ಉಸಿರಾಡಲಿ.

ಆಮೇಲೆ ಗೋಡೆಯ ತಲೆ. ಕಂಪೌಂಡ್ ಗೋಡೆಗಳಲ್ಲಿ ನೀರು ಜಾಸ್ತಿ ಇಳಿಯುವುದೇ ಮೇಲಿನಿಂದ. ಗೋಡೆಗಿಂತ ಎರಡು ಇಂಚು ಮುಂದೆ ಚಾಚಿದ ಕಲ್ಲು ಚಪ್ಪಡಿ ಹಾಕಿಸಿ, ಚಪ್ಪಡಿಯ ಅಡಿಮೈಯಲ್ಲಿ ಅಂಚಿಗೆ ಸಮಾನಾಂತರವಾಗಿ ಒಂದು ಗೆರೆ ಕೊರೆಸಿ. ನೀರು ಆ ಗೆರೆ ದಾಟಿ ಒಳಗೆ ಬರದೆ ಅಲ್ಲೇ ತೊಟ್ಟಿಕ್ಕುತ್ತದೆ. ಸಣ್ಣ ಕೆಲಸ, ಗೌಂಡಿಗೆ ಅರ್ಧ ದಿನದ್ದು. ಮಾಡಿಸದೆ ಬಿಡುವವರೇ ಹೆಚ್ಚು.

ಹಳೇ ಗಾರೆಯ ಮೇಲೆ ಹಚ್ಚುವುದಾದರೆ ಸುತ್ತಿಗೆಯ ಹಿಡಿಯಿಂದ ಇಡೀ ಗೋಡೆ ತಟ್ಟುತ್ತಾ ಹೋಗಿ. ಡಬಡಬ ಅಂದ ಕಡೆ ಸೀಮೆಸುಣ್ಣದಲ್ಲಿ ಗುರುತು ಹಾಕಿ, ಅಷ್ಟೂ ಗಾರೆ ಕೀಳಿಸಿ. ಪೇಂಟ್ ಇದ್ದರೆ ಕೆರೆದು ತೆಗೆಯಲೇಬೇಕು, ಇಲ್ಲದಿದ್ದರೆ ನಿಮ್ಮ ಮೊಸಾಯಿಕ್ ಗೋಡೆಗೆ ಅಂಟಿದ್ದಲ್ಲ, ಪೇಂಟಿಗೆ ಅಂಟಿದ್ದು. ಹೊಸ ಗಾರೆಯಾದರೆ ಒಂದು ವಾರ ನೀರು ಹೊಡೆದು, ಒಟ್ಟು 28 ದಿನ ಬಿಡಿ. ಸಮುದ್ರದ ಮರಳು ಬೇಡವೇ ಬೇಡ. ತೊಳೆದಿದ್ದೇವೆ ಅಂದರೂ ಬೇಡ. ಅದರ ಉಪ್ಪು ಒಳಗಿನ ಕಬ್ಬಿಣವನ್ನೂ ತಿನ್ನುತ್ತದೆ.

ಪೀಸು ಆರಿಸುವುದು

ಅಂಗಡಿಯಲ್ಲಿ ಸಿಗುವ ಹೊಳೆಯುವ ವಾಲ್ ಟೈಲು ನೋಡಲು ಚೆಂದ, ಬಣ್ಣ ಬಹಳ, ಕತ್ತರಿಸಲು ಸುಲಭ. ಆದರೆ ಅದರ ಮಣ್ಣು ತನ್ನ ತೂಕದ ನೂರಕ್ಕೆ ಹತ್ತಕ್ಕಿಂತ ಜಾಸ್ತಿ ನೀರು ಕುಡಿಯುತ್ತದೆ. ಇಡೀ ಟೈಲು ಹಚ್ಚಿದಾಗ ಮೇಲಿನ ಗಾಜಿನ ಪದರ ಕಾಯುತ್ತದೆ. ಮೊಸಾಯಿಕ್‌ನಲ್ಲಿ ನಾವು ಅದನ್ನು ಚೂರು ಮಾಡುತ್ತೇವೆ ಅಲ್ವಾ, ಪ್ರತಿ ಚೂರಿಗೂ ನಾಲ್ಕೋ ಐದೋ ಬಾಯಿ ತೆರೆದ ಅಂಚು. ನೀರು ಅಲ್ಲಿಂದ ಹೋಗುತ್ತದೆ, ಉಪ್ಪೂ ಅಲ್ಲಿಂದಲೇ. ವಿಟ್ರಿಫೈಡ್ ಟೈಲು ನೂರಕ್ಕೆ ಅರ್ಧಕ್ಕಿಂತ ಹೆಚ್ಚು ನೀರು ಹಿಡಿಯುವುದಿಲ್ಲ. ಸ್ವಿಮ್ಮಿಂಗ್ ಪೂಲಿಗೆ ಹಾಕುವ ಗಾಜಿನ ಮೊಸಾಯಿಕ್ ಹೆಚ್ಚೂಕಡಿಮೆ ಕುಡಿಯುವುದೇ ಇಲ್ಲ. ಹೊರಗಡೆಗೆ ಇವೆರಡೇ ನನ್ನ ಆಯ್ಕೆ.

ಅಂಗಡಿಯವರ ಮಾತು ನಂಬಿ ಕೂರಬೇಡಿ, ನೀವೇ ತೂಗಿ ನೋಡಿ. ಟೈಲಿನ ಒಂದು ತುಂಡು ಮುರಿದು ಬಿಸಿಲಲ್ಲಿ ಚೆನ್ನಾಗಿ ಒಣಗಿಸಿ, ಅಡುಗೆಮನೆಯ ಡಿಜಿಟಲ್ ತಕ್ಕಡಿಯಲ್ಲಿಟ್ಟು ತೂಕ ಬರೆದುಕೊಳ್ಳಿ. ಒಂದು ದಿನ ನೀರಲ್ಲಿ ಮುಳುಗಿಸಿ, ತೆಗೆದು ಒದ್ದೆ ಬಟ್ಟೆಯಲ್ಲಿ ಮೇಲ್ಮೈ ಒರೆಸಿ, ಮತ್ತೆ ತೂಗಿ. 200 ಗ್ರಾಂ ಇದ್ದದ್ದು 224 ಆದರೆ ಅದು ನೂರಕ್ಕೆ 12 ಕುಡಿದಿದೆ, ಅದನ್ನು ಒಳಗಿನ ಕೆಲಸಕ್ಕೆ ಇಟ್ಟುಕೊಳ್ಳಿ. 201ರಲ್ಲೇ ನಿಂತರೆ ಸಮುದ್ರದ ಎದುರಿನ ಗೋಡೆಗೂ ಧೈರ್ಯವಾಗಿ ಹಚ್ಚಿ.

ಒಡೆದ ಟೈಲಿನ ಕೆಲಸ ಬಹಳ ಹಿಂದೆಯೇ ಹೆಸರು ಮಾಡಿದೆ. ಬಾರ್ಸಿಲೋನಾದ ಪಾರ್ಕ್ ಗುಯೆಲ್‌ನಲ್ಲಿ, 1900ರಿಂದ 1914ರವರೆಗೆ ಕಟ್ಟಿದ್ದು, ವಾಸ್ತುಶಿಲ್ಪಿಗಳಾದ ಗೌಡಿ ಮತ್ತು ಜುಜೋಲ್ ಹಾವಿನಂತೆ ಬಳುಕುವ ಉದ್ದನೆಯ ಬೆಂಚನ್ನು ಚೂರು ಟೈಲಿನಿಂದಲೇ ಮುಚ್ಚಿದರು. ಅಹಮದಾಬಾದಿನಲ್ಲಿ ವಾಸ್ತುಶಿಲ್ಪಿ ಬಿ.ವಿ. ದೋಶಿಯವರ ಸಂಗಾತ್ ಕಟ್ಟಡದ ದುಂಡನೆಯ ಮಾಡುಗಳ ಮೇಲೆ ಬಿಳಿ ಚೈನಾ ಮೊಸಾಯಿಕ್, ಅಂದರೆ ಪಿಂಗಾಣಿ ಚೂರಿನ ಹೊದಿಕೆ, ಇದೆ, ಬಿಸಿಲನ್ನು ವಾಪಸ್ ಕಳಿಸಲು. ಚಂಡೀಗಢದ ರಾಕ್ ಗಾರ್ಡನ್‌ನಲ್ಲಿ ನೇಕ್ ಚಂದ್ ಒಡೆದ ಪಿಂಗಾಣಿ, ಬಳೆ ಚೂರುಗಳಿಂದ ಗೊಂಬೆಗಳನ್ನೇ ಮಾಡಿದರು. ಎಲ್ಲ ಕಡೆಯೂ ಮೇಲ್ಮೈ ದುಂಡಗಿದೆ, ಬಾಗಿದೆ. ಚಿಕ್ಕ ಚೂರು ಎಂಥ ಬಾಗಿಗೂ ಒಗ್ಗುತ್ತದೆ. ನಮ್ಮ ಬಾವಿಕಟ್ಟೆ, ತುಳಸಿಕಟ್ಟೆ, ನೀರಿನ ತೊಟ್ಟಿಗೆ ಇದೇ ಸರಿಯಾದ ದಾರಿ.

ಮಂಗಳೂರು ಹಂಚಿನ ಚೂರಿನ ಕೆಂಪು ಬಣ್ಣ ನನಗೆ ತುಂಬ ಇಷ್ಟ. ಆದರೆ ನೀರು ಕುಡಿಯುತ್ತದೆ, ಪಾಚಿ ಹಿಡಿಯುತ್ತದೆ. ಜಗುಲಿಯ ಒಳಗೋಡೆಗೆ ಬಳಸಿ. ಕಡಲ ಚಿಪ್ಪು ಸೇರಿಸುವ ಆಸೆ ಇದ್ದರೆ ಸಿಹಿನೀರಲ್ಲಿ ಹಲವು ದಿನ ನೆನೆಹಾಕಿ, ನೀರು ಬದಲಿಸುತ್ತಾ ಉಪ್ಪು ತೆಗೆಯಿರಿ.

ಕತ್ತರಿಸಲು ಟೈಲಿಗೆ ಸಾಮಾನ್ಯ ನಿಪ್ಪರ್ (ಚೂರು ಕತ್ತರಿಸುವ ಇಕ್ಕಳ), ಗಾಜಿಗೆ ಎರಡು ಚಕ್ರದ ನಿಪ್ಪರ್. ಕನ್ನಡಕ ಹಾಕದೆ ಒಂದು ಪೀಸೂ ಕತ್ತರಿಸಬೇಡಿ. ಮಷಿನ್ನಲ್ಲಿ ಕೊಯ್ಯುವಾಗ ನೀರು ಬಿಟ್ಟೇ ಕೊಯ್ಯಿರಿ. ಒಣ ಧೂಳಿನಲ್ಲಿ ಸಿಲಿಕಾ ಇರುತ್ತದೆ, ಶ್ವಾಸಕೋಶಕ್ಕೆ ಹೋದರೆ ಅಲ್ಲೇ ಉಳಿಯುತ್ತದೆ.

ಮಣ್ಣಿನಲ್ಲೇ ಮಾಡಿ ಸುಡುವುದಾದರೆ

ಉಬ್ಬು ಚಿತ್ರ ಬೇಕು ಅಂದರೆ ಅಂಗಡಿ ಟೈಲು ಸಾಲದು, ಮಣ್ಣಿನಲ್ಲೇ ಮಾಡಬೇಕು. ಬೆಳಗಾವಿ ಜಿಲ್ಲೆಯ ಖಾನಾಪುರದಲ್ಲಿ ಖಾದಿ ಮತ್ತು ಗ್ರಾಮೋದ್ಯೋಗ ಆಯೋಗದ ಕುಂಬಾರಿಕೆ ಸಂಸ್ಥೆ ಇದೆ, ಕಾರವಾರದಿಂದ ಘಟ್ಟ ಹತ್ತಿದರೆ ದೂರವಲ್ಲ. ಮಣ್ಣಿನ ಬಗ್ಗೆ ಕಲಿಯಬೇಕಾದವರು ಒಮ್ಮೆ ಹೋಗಿ ವಿಚಾರಿಸಿ. ಸ್ಟೋನ್‌ವೇರ್ ಮಣ್ಣು 1200 ಡಿಗ್ರಿಯ ಮೇಲೆ ಸುಟ್ಟಾಗ ಒತ್ತಾಗುತ್ತದೆ, ನೀರು ಕುಡಿಯುವುದು ಬಹಳ ಕಡಿಮೆಯಾಗುತ್ತದೆ. ಮಡಕೆ ಮಣ್ಣು 900–1000 ಡಿಗ್ರಿಯಲ್ಲಿ ಸುಡುವಂಥದ್ದು, ಅದು ತೂತುತೂತಾಗಿಯೇ ಉಳಿಯುತ್ತದೆ, ಮಾಡಿನ ಆಸರೆ ಇರುವಲ್ಲಿಗೆ ಸರಿ.

ಮಣ್ಣು ಒಣಗುವಾಗಲೂ ಸುಡುವಾಗಲೂ ಕುಗ್ಗುತ್ತದೆ. ಒಟ್ಟು ನೂರಕ್ಕೆ 10 ಅಂತ ಇಟ್ಟುಕೊಂಡರೆ, 12 ಇಂಚಿನ ತುಂಡು ಬೇಕಾದಾಗ 13.3 ಇಂಚಿಗೆ ಕತ್ತರಿಸಬೇಕು. ನಿಮ್ಮ ಮಣ್ಣು ಎಷ್ಟು ಕುಗ್ಗುತ್ತದೆ ಅಂತ ಮೊದಲೇ ಒಂದು ಪಟ್ಟಿ ಮಾಡಿ, ಅದರ ಮೇಲೆ 10 ಸೆಂಟಿಮೀಟರ್ ಗೆರೆ ಎಳೆದು, ಸುಟ್ಟ ಮೇಲೆ ಅಳೆಯಿರಿ. ಸುಟ್ಟ ಮಣ್ಣಿನ ಪುಡಿ ಸೇರಿಸಿದರೆ ಸೊಟ್ಟಗಾಗುವುದು ಕಡಿಮೆ. ಹಿಂಬದಿಯಲ್ಲಿ ಗೀರು ಹಾಕಿ, ಅಂಟು ಹಿಡಿಯಲು. ಒಣಗಿಸುವುದು ನೆರಳಲ್ಲಿ, ನಿಧಾನವಾಗಿ, ಮೇಲೆ ಪ್ಲಾಸ್ಟಿಕ್ ಮುಚ್ಚಿ. ನಮ್ಮ ಮಳೆಗಾಲದಲ್ಲಿ ಒಣಗಿದಂತೆ ಕಂಡರೂ ಒಳಗೆ ಹಸಿ ಇರುತ್ತದೆ. ಹಸಿ ತುಂಡು ಬೆಂಕಿಗೆ ಹೋದರೆ ಸಿಡಿಯುತ್ತದೆ. ಬಣ್ಣಕ್ಕೆ ಕೋಬಾಲ್ಟ್ ನೀಲಿ ಕೊಡುತ್ತದೆ, ನೂರಕ್ಕೆ ಒಂದರಷ್ಟು ಸಾಕು. ತಾಮ್ರ ಹಸಿರು, ಕಬ್ಬಿಣ ಜೇನಿನ ಬಣ್ಣದಿಂದ ಕಂದಿನವರೆಗೆ.

ಚಿತ್ರ

ಯಾವ ದೂರದಿಂದ ನೋಡುತ್ತಾರೆ ಅನ್ನುವುದರ ಮೇಲೆ ಪೀಸಿನ ಗಾತ್ರ. ರಸ್ತೆಯಾಚೆಯಿಂದ, ಬಸ್ಸಿನ ಕಿಟಕಿಯಿಂದ ನೋಡುವ ಗೋಡೆಗೆ ಬೆರಳುಗುರಿನಷ್ಟು ಪೀಸು ಹಾಕಿ ಪ್ರಯೋಜನವಿಲ್ಲ. 20 ಎಂಎಂ ಪೀಸು, 2 ಎಂಎಂ ಸಂದು ಅಂದರೆ ಒಂದು ಚದರ ಅಡಿಗೆ ಸುಮಾರು 190 ಪೀಸು. ಅದೇ 10 ಎಂಎಂ ಪೀಸಾದರೆ 640ಕ್ಕೂ ಮೇಲೆ. ಕೂಲಿ ಅಷ್ಟೇ ಪಟ್ಟು ಏರುತ್ತದೆ, ರೇಟು ಹೇಳುವ ಮೊದಲು ಈ ಲೆಕ್ಕ ಮಾಡಿ.

ಬಣ್ಣ ಜಾಸ್ತಿ ಇದ್ದಷ್ಟೂ ಚೆಂದ ಅಂದುಕೊಳ್ಳುವವರು ಶಿರಸಿ ಮಾರಿಕಾಂಬಾ ದೇವಸ್ಥಾನದ ಕಾವಿ ಚಿತ್ರಗಳನ್ನು ಒಮ್ಮೆ ನಿಂತು ನೋಡಿ. ಇರುವುದು ಎರಡೇ ಬಣ್ಣ. ಕೆಂಪು ಪದರ ಕೆರೆದು ಒಳಗಿನ ಬಿಳಿ ಸುಣ್ಣದ ಗಾರೆ ಕಾಣಿಸಿದ್ದಾರೆ, ಅಷ್ಟೇ. ಆಕಾರ ಗಟ್ಟಿ ಇದ್ದರೆ ಎರಡು ಬಣ್ಣ ಸಾಕು ಅನ್ನುವುದಕ್ಕೆ ನಮ್ಮಲ್ಲಿ ಅದಕ್ಕಿಂತ ಒಳ್ಳೆಯ ಪಾಠ ಇಲ್ಲ. ಮೊಸಾಯಿಕ್‌ನಲ್ಲಿ ಆಕಾರ ಹೇಳುವುದು ಸಾಲಿನ ಓಟ. ಮೀನಿನ ಮೈಗೆ ಪೀಸುಗಳ ಸಾಲು ಬೆನ್ನಿನ ಬಾಗಿನ ಜೊತೆ ಓಡಬೇಕು. ಹಿನ್ನೆಲೆಯ ಮೊದಲ ಸಾಲು ಮೀನಿನ ಅಂಚನ್ನು ಸುತ್ತಿ ಬರಬೇಕು, ಆಮೇಲೆ ಬೇಕಾದರೆ ನೇರವಾಗಲಿ. ಇಲ್ಲಿನ ಹಾಲಕ್ಕಿ ಸಮುದಾಯದ ಅಜ್ಜಿಯರನ್ನು, ಅವರ ಕೊರಳ ಮಣಿಸರವನ್ನು ಚಿತ್ರವಾಗಿ ಮಾಡುವವರು ಇದ್ದಾರೆ. ಕೊರಳಿನ ಸುತ್ತ ಒಂದರ ಕೆಳಗೊಂದು ಬಾಗಿ ಇಳಿಯುವ ಆ ಸಾಲುಗಳು ಮೊಸಾಯಿಕ್‌ಗಾಗಿಯೇ ಇದ್ದಂತಿವೆ. ಆದರೆ ಗುರುತಿರುವ ಒಬ್ಬರ ಮುಖ ಮಾಡುವುದಾದರೆ ಅವರನ್ನು ಕೇಳಿ ಮಾಡಿ. ದಯವಿಟ್ಟು.

ಹಚ್ಚುವುದು

ಗೋಡೆ ಒಣಗಿದ್ದರೆ, ಕಾಲ ದೀಪಾವಳಿಯಿಂದ ಯುಗಾದಿಯವರೆಗೆ. ಏಪ್ರಿಲ್ ನಂತರ ಬಿಸಿಲು ಅಂಟನ್ನು ಸುಡುತ್ತದೆ, ಜೂನ್ ಬಂದರೆ ಕೆಲಸ ನಿಂತಂತೆಯೇ.

ಅಂಟಿನ ಚೀಲದ ಮೇಲೆ ಸಿ2ಟಿಇ ಎಸ್1 ಅಂತ ಇರುವುದನ್ನು ತನ್ನಿ. ಸಿ2 ಅಂದರೆ ಹಿಡಿತ ಜಾಸ್ತಿ ಇರುವ ಸಿಮೆಂಟ್ ಅಂಟು, ಟಿ ಇದ್ದರೆ ಗೋಡೆಯಿಂದ ಜಾರುವುದಿಲ್ಲ, ಇ ಇದ್ದರೆ ಬಳಿದ ಮೇಲೆ ಪೀಸು ಕೂರಿಸಲು ಸಮಯ ಸಿಗುತ್ತದೆ, ಎಸ್1 ಅಂದರೆ ಬಿಸಿಲಿಗೆ ಗೋಡೆ ಹಿಗ್ಗಿ ಕುಗ್ಗಿದಾಗ ಸ್ವಲ್ಪ ಬಾಗುತ್ತದೆ. ಬರೀ ಸಿಮೆಂಟ್ ಕಲಸಿ ವಿಟ್ರಿಫೈಡ್ ಹಚ್ಚಿದರೆ ನಿಲ್ಲುವುದಿಲ್ಲ, ನೀರು ಕುಡಿಯದ ಟೈಲಿನ ಬೆನ್ನು ಸಿಮೆಂಟನ್ನು ಹಿಡಿಯುವುದಿಲ್ಲ. ಮೇಸ್ತ್ರಿ ಎಷ್ಟೇ ಅನುಭವಿ ಇರಲಿ, ಇದೊಂದು ಮಾತಿಗೆ ಪಟ್ಟು ಹಿಡಿಯಿರಿ.

ಹಲ್ಲಿನ ಕರಣೆಯಲ್ಲಿ ಒಂದೇ ದಿಕ್ಕಿಗೆ ಅಂಟು ಎಳೆಯಿರಿ, ಪೀಸು ದೊಡ್ಡದಿದ್ದರೆ ಅದರ ಬೆನ್ನಿಗೂ ತೆಳುವಾಗಿ ಬಳಿಯಿರಿ. ನಾಲ್ಕು ಮೂಲೆಗೆ ನಾಲ್ಕು, ನಡುವೆ ಒಂದು ಮುದ್ದೆ ಇಟ್ಟು ಒತ್ತುವ ಪದ್ಧತಿ ಇದೆಯಲ್ಲ, ಅದು ಹೊರಗೋಡೆಗೆ ಸಲ್ಲದು. ನಡುವಿನ ಪೊಳ್ಳಿನಲ್ಲಿ ನೀರು ನಿಲ್ಲುತ್ತದೆ. ಆಗಾಗ ಹಚ್ಚಿದ ಒಂದು ಪೀಸನ್ನು ಕಿತ್ತು ಬೆನ್ನು ನೋಡಿ. ನೂರಕ್ಕೆ 95 ಭಾಗ ಅಂಟು ಹಿಡಿದಿರಬೇಕು. ಅಂಟನ್ನು ಬೆರಳಲ್ಲಿ ಮುಟ್ಟಿದಾಗ ಬೆರಳಿಗೆ ಬರದೆ ಚರ್ಮ ಕಟ್ಟಿದಂತಿದ್ದರೆ ಕೆರೆದು ಎಸೆಯಿರಿ, ನೀರು ಹಾಕಿ ಮತ್ತೆ ಕಲಸಬೇಡಿ. ಚೀಲದ ಮೇಲೆ ಬರೆದ ಸಮಯ ನೆರಳಿನ ಲೆಕ್ಕ. ಪಶ್ಚಿಮಕ್ಕೆ ಮುಖ ಮಾಡಿದ ಗೋಡೆಯಲ್ಲಿ ಬೆಳಿಗ್ಗೆ ಶುರು ಮಾಡಿ ಮಧ್ಯಾಹ್ನದೊಳಗೆ ಮುಗಿಸಿ, ನೆರಳಿಗೆ ಹಸಿರು ನೆಟ್ ಕಟ್ಟಿಕೊಳ್ಳಿ.

ನೇರವಾಗಿ ಗೋಡೆಯ ಮೇಲೇ ಒಂದೊಂದು ಪೀಸು ಕೂರಿಸಬಹುದು, ದಪ್ಪ ಬೇರೆ ಬೇರೆ ಇರುವ ಪೀಸಿಗೆ ಇದೇ ಒಳ್ಳೆಯದು. ದೊಡ್ಡ ಕೆಲಸಕ್ಕೆ ಮನೆಯಲ್ಲಿ ಕೂತು ತಯಾರಿ ಮಾಡಿ ಒಯ್ಯಬೇಕಾಗುತ್ತದೆ. ಜಾಳಿಗೆಯಂಥ ನೆಟ್ ಮೇಲೆ ಫೆವಿಕಾಲ್ ತರಹದ ಬಿಳಿ ಗೋಂದು ಹಾಕಿ ಪೀಸು ಅಂಟಿಸುವವರು ಬಹಳ. ಆ ಗೋಂದು ತೇವಕ್ಕೆ ಮತ್ತೆ ಮೆತ್ತಗಾಗುತ್ತದೆ, ನಮ್ಮ ಹೊರಗೋಡೆಗೆ ಅದನ್ನು ನಾನು ಒಪ್ಪುವುದಿಲ್ಲ. ಬದಲಿಗೆ ಕಾಗದದ ಪದ್ಧತಿ: ದಪ್ಪ ಕಂದು ಕಾಗದದ ಮೇಲೆ ಚಿತ್ರವನ್ನು ಕನ್ನಡಿಯಲ್ಲಿ ಕಂಡಂತೆ ತಿರುಗಿಸಿ ಬರೆದು, ಮೈದಾ ಅಂಟಿನಿಂದ ಪೀಸುಗಳ ಮುಖವನ್ನು ಕಾಗದಕ್ಕೆ ಅಂಟಿಸುವುದು. ಗೋಡೆಗೆ ಒತ್ತಿದ ಮೇಲೆ ಮರದ ಹಲಗೆಯಿಂದ ಮೆಲ್ಲಗೆ ತಟ್ಟಿ, ಅಂಟು ಹಿಡಿಯಲು ಶುರುವಾದಾಗ ಕಾಗದ ಒದ್ದೆ ಮಾಡಿ ಸಿಪ್ಪೆಯಂತೆ ಎಳೆದು ತೆಗೆಯಿರಿ. ಆಗ ಇನ್ನೂ ಪೀಸು ಅಲುಗಿಸಿ ಸರಿಮಾಡಬಹುದು. ಬೆನ್ನಿನಲ್ಲಿ ಗೋಂದೂ ಇಲ್ಲ, ನೆಟ್ಟೂ ಇಲ್ಲ, ಪೀಸಿಗೂ ಗೋಡೆಗೂ ನಡುವೆ ಸಿಮೆಂಟ್ ಅಂಟು ಮಾತ್ರ. ಹಾಳೆ ಒಂದಡಿಗಿಂತ ದೊಡ್ಡದು ಬೇಡ. ಕಾಗದದ ಹೊರಮೈಗೆ ನಂಬರು ಮತ್ತು ಮೇಲ್ಮುಖದ ಬಾಣ ಹಾಕಿ. ಅಕ್ಷರಗಳಿದ್ದರೆ ಕನ್ನಡಿ ಹಿಡಿದು ಎರಡು ಸಲ ಓದಿ ನೋಡಿ.

ದೊಡ್ಡ ಗೋಡೆಗೆ 8ರಿಂದ 12 ಅಡಿಗೊಂದು ಹಿಗ್ಗುವ ಸಂದು ಬಿಡಬೇಕು, ಅದಕ್ಕೆ ಗ್ರೌಟ್ (ಪೀಸುಗಳ ಸಂದಿಗೆ ತುಂಬುವ ಗಾರೆ) ಬದಲು ಪಾಲಿಯುರಿಥೇನ್ ಸೀಲಂಟ್, ರಬ್ಬರಿನಂತೆ ಹಿಗ್ಗಿ ಕುಗ್ಗುವಂಥದ್ದು. ಚಿತ್ರದ ಯಾವುದೋ ಗೆರೆಯ ಜೊತೆ, ಅಲೆಯ ಅಂಚೋ ಮರದ ಕಾಂಡವೋ, ಅದನ್ನು ಸೇರಿಸಿಬಿಟ್ಟರೆ ಯಾರಿಗೂ ಕಾಣುವುದಿಲ್ಲ.

ತೂಕದ ಲೆಕ್ಕವೂ ಇರಲಿ. 8 ಎಂಎಂ ಟೈಲು, ಅಂಟು, ಗ್ರೌಟ್ ಸೇರಿ 100 ಚದರ ಅಡಿಗೆ 200 ಕೆಜಿ ದಾಟುತ್ತದೆ. ಒಂದು ಇಂಚು ದಪ್ಪದ ಮಣ್ಣಿನ ಉಬ್ಬು ಚಿತ್ರವಾದರೆ ಚದರ ಅಡಿಗೆ ನಾಲ್ಕು ಕೆಜಿಗೂ ಮೇಲೆ, ಅಂಟೊಂದನ್ನೇ ನಂಬದೆ ಪಿನ್ನು ಹಾಕಿ. ಪಿನ್ನು 316 ನಂಬರಿನ ಸ್ಟೀಲೇ ಆಗಬೇಕು. 304 ನಮ್ಮ ಕಡಲ ಗಾಳಿಗೆ ತುಕ್ಕಿನ ಚುಕ್ಕೆ ಬಿಡುತ್ತದೆ.

ಗ್ರೌಟ್ ಬಗ್ಗೆ ಜಗಳ ಇದ್ದೇ ಇದೆ. ಎಪಾಕ್ಸಿ, ಅಂದರೆ ರಾಳದ ಗ್ರೌಟ್, ನೀರು ದಾಟಲು ಬಿಡುವುದಿಲ್ಲ, ಹಾಗಾಗಿ ಅದೇ ಮೇಲು ಅಂತಾರೆ. ತೊಟ್ಟಿಗೆ, ಕಾರಂಜಿಗೆ ಹೌದು. ಚಿರೆಕಲ್ಲಿನ ಗೋಡೆಗೆ ಬೇಡ, ಒಳಗಿನ ತೇವಕ್ಕೆ ದಾರಿ ಮುಚ್ಚಿದರೆ ಅದು ಪೀಸನ್ನೇ ತಳ್ಳುತ್ತದೆ. ಬಿಸಿಲಿಗೆ ಎಪಾಕ್ಸಿ ಹಳದಿಯೂ ಆಗುತ್ತದೆ. ಪಾಲಿಮರ್ ಸೇರಿದ ಸಿಮೆಂಟ್ ಗ್ರೌಟ್ ಹಾಕಿ. ಬಣ್ಣ ಬೂದಿ ಅಥವಾ ಕಪ್ಪು ಬೂದಿ. ಬಿಳಿ ಗ್ರೌಟ್ ಪೀಸಿನ ಬಣ್ಣವನ್ನೆಲ್ಲ ತಿಂದುಹಾಕುತ್ತದೆ, ಒಂದು ಮಳೆಗಾಲ ಕಳೆದರೆ ಹೇಗೂ ಬಿಳಿಯಾಗಿ ಉಳಿಯುವುದಿಲ್ಲ. ತೊಳೆಯಲು ಆಸಿಡ್ ಸುರಿಯಬೇಡಿ, ಅದು ಗ್ರೌಟಿನ ಸಿಮೆಂಟನ್ನೇ ಕರಗಿಸುತ್ತದೆ. ಹಸಿ ಇರುವಾಗಲೇ ಸ್ಪಂಜಿನಿಂದ ಒರೆಸಿ, ಮರುದಿನ ಒಣಬಟ್ಟೆ.

ಒಪ್ಪಂದ, ಹಣ, ಹಕ್ಕು

ಮನೆಯವರ ಕೆಲಸವೇ ಇರಲಿ, ನಗರಸಭೆಯದ್ದೇ ಇರಲಿ, ಬಾಯಿಮಾತು ಸಾಲದು. ಗೋಡೆ ರೆಡಿ ಮಾಡುವುದು ಯಾರು, ಚಪ್ಪಡಿ ಹಾಕಿಸುವುದು ಯಾರು, ಸಾರವೆ, ನೀರು, ಕರೆಂಟು ಯಾರದ್ದು, ಮಳೆ ಬಂದು ನಿಂತರೆ ಏನು, ಎಲ್ಲ ಬರೆಯಿರಿ. ಒಂದಡಿಯ ಸ್ಯಾಂಪಲ್ ಹಲಗೆ ಮಾಡಿ ಇಬ್ಬರೂ ಸಹಿ ಹಾಕಿದರೆ ಕೊನೆಯಲ್ಲಿ "ಬಣ್ಣ ಹೀಗಿರಲಿಲ್ಲ" ಅನ್ನುವ ಮಾತು ಬರುವುದಿಲ್ಲ. ಹಣ ಹಂತಹಂತವಾಗಿ: ಚಿತ್ರ ಒಪ್ಪಿದಾಗ, ಸಾಮಾನು ತರುವಾಗ, ಹಚ್ಚಲು ಶುರುವಾದಾಗ, ಮುಗಿದಾಗ. ಚಿತ್ರ ಬರೆದ ಹಣವನ್ನು ಬೇರೆಯಾಗಿಯೇ ತೋರಿಸಿ, ಕೆಲಸ ನಿಂತುಹೋದರೂ ಆ ದುಡಿಮೆ ನಿಮ್ಮದು.

ಬೀಚಿನ ಹತ್ತಿರ ಹೊಸ ಗೋಡೆಯೇ ಕಟ್ಟಿ ಮಾಡುವ ಯೋಜನೆಯಾದರೆ ಸಿಆರ್‌ಝಡ್ (ಕರಾವಳಿ ನಿಯಂತ್ರಣ ವಲಯ) ನಿಯಮ ಬರುತ್ತದೆ, ಉಬ್ಬರದ ಗೆರೆಯಿಂದ 500 ಮೀಟರ್ ಒಳಗಿನ ಜಾಗಕ್ಕೆ. ಅನುಮತಿ ಯಾರು ತರುತ್ತಾರೆ ಅನ್ನುವುದು ಚಿತ್ರ ಬರೆಯುವ ಮೊದಲೇ ತೀರ್ಮಾನ ಆಗಲಿ. ಜನ ಓಡಾಡುವ ಕಡೆ ಕೈಗೆಟಕುವ ಎತ್ತರದವರೆಗೆ ಪ್ರತಿ ಪೀಸಿನ ಚೂಪು ಅಂಚು ಉಜ್ಜಿ ತೆಗೆದಿರಬೇಕು. ಮಕ್ಕಳು ಮುಟ್ಟಿ ನೋಡುತ್ತಾರೆ, ಮುಟ್ಟಲಿ ಅಂತಲೇ ಅಲ್ವಾ ಮಾಡುವುದು.

ಒಂದು ಹಕ್ಕು ಬಹಳ ಕಲಾವಿದರಿಗೆ ಗೊತ್ತಿಲ್ಲ. ಕೃತಿಸ್ವಾಮ್ಯ ಕಾಯ್ದೆ 1957ರ 57ನೇ ಕಲಂ ಪ್ರಕಾರ, ಕೃತಿಯನ್ನು ಮಾರಿದ ಮೇಲೂ ಅದರ ಮೇಲೆ ನಿಮ್ಮ ಹೆಸರಿರುವ ಹಕ್ಕು, ಹೆಸರಿಗೆ ಕುಂದು ಬರುವಂತೆ ಅದನ್ನು ವಿರೂಪ ಮಾಡಿದರೆ ಪ್ರಶ್ನಿಸುವ ಹಕ್ಕು ನಿಮಗಿದೆ. ದಿಲ್ಲಿಯ ವಿಜ್ಞಾನ ಭವನದಲ್ಲಿ ಶಿಲ್ಪಿ ಅಮರನಾಥ ಸೆಹಗಲ್ ಮಾಡಿದ್ದ ಕಂಚಿನ ದೊಡ್ಡ ಭಿತ್ತಿಶಿಲ್ಪವನ್ನು 1979ರಲ್ಲಿ ಕಿತ್ತು ಗೋದಾಮಿಗೆ ಹಾಕಿದ್ದರು. ಅವರು ಕೋರ್ಟಿಗೆ ಹೋದರು. 2005ರಲ್ಲಿ ದಿಲ್ಲಿ ಹೈಕೋರ್ಟ್, ಉಳಿದ ತುಂಡುಗಳನ್ನು ಅವರಿಗೆ ವಾಪಸ್ ಕೊಡಬೇಕು, 5 ಲಕ್ಷ ರೂಪಾಯಿ ಪರಿಹಾರವನ್ನೂ ಕೊಡಬೇಕು ಅಂತ ತೀರ್ಪು ಕೊಟ್ಟಿತು. ಅಷ್ಟು ವರ್ಷ ಯಾರೂ ಅಲೆಯುವಂತಾಗಬಾರದು. ಒಪ್ಪಂದದಲ್ಲೇ ಒಂದು ಸಾಲು ಹಾಕಿಸಿ: ಗೋಡೆ ಒಡೆಯುವ, ಬದಲಿಸುವ ಮೊದಲು ಕಲಾವಿದರಿಗೆ ಬರವಣಿಗೆಯಲ್ಲಿ ತಿಳಿಸಬೇಕು. ಹೆಸರು ಮತ್ತು ವರ್ಷವನ್ನು ಮೂಲೆಯಲ್ಲಿ ಪೀಸಿನಲ್ಲೇ ಕೂರಿಸಿ, ಬೋರ್ಡು ಬಿದ್ದುಹೋಗುತ್ತದೆ.

ಕೆಲಸ ಒಪ್ಪಿಸುವ ದಿನ ಪ್ರತಿ ಬಣ್ಣದ ಒಂದೊಂದು ಹಿಡಿ ಪೀಸು, ಒಂದು ಪ್ಯಾಕೆಟ್ ಗ್ರೌಟ್, ಅಂಟಿನ ಹೆಸರು ಬರೆದ ಚೀಟಿ ಎಲ್ಲ ಡಬ್ಬಿಯಲ್ಲಿ ಹಾಕಿ ಕೊಡಿ. ಗ್ರೌಟ್ ಪ್ಯಾಕೆಟ್ ಗಾಳಿಯಾಡದ ಡಬ್ಬಿಯಲ್ಲಿರಲಿ, ನಮ್ಮ ತೇವಕ್ಕೆ ಅದು ಕಲ್ಲಾಗುತ್ತದೆ. ಪ್ರತಿ ವರ್ಷ ನವರಾತ್ರಿ ಕಳೆದ ಮೇಲೆ ಸಾದಾ ನೀರು, ಮೆತ್ತನೆಯ ಬ್ರಷ್ಷಿನಿಂದ ಪಾಚಿ ತೊಳೆದು, ನಾಣ್ಯದಿಂದ ತಟ್ಟುತ್ತಾ ಹೋಗಲು ಹೇಳಿ. ಪೊಳ್ಳು ಸದ್ದು ಬಂದ ಪೀಸನ್ನು ಆಗಲೇ ತೆಗೆದು ಮತ್ತೆ ಕೂರಿಸಿದರೆ ಪಕ್ಕದ ಹತ್ತು ಪೀಸು ಉಳಿಯುತ್ತವೆ.